ಹೊಲದ ಕಪ್ಪು ಕಲ್ಲು



ವೈಟ್‌ಫೀಲ್ಡ್ ಅಂದರೆ ಈಗ ಎಲ್ಲರೂ ಕಂಪ್ಯೂಟರ್ ಅಂತಾರೆ. ನಮಗೆ ದೂರವಲ್ಲದ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದು ಬೆಂಗಳೂರಿನ ಕಾಳಗವನ್ನು ಹೇಳುತ್ತದೆ. ಆ ಕಾಲದ ಕತ್ತಿಗೆ, ರೈತನ ನೇಗಿಲ ಗುಳಕ್ಕೆ ಕಬ್ಬಿಣ ಎಲ್ಲಿ ಕಾಯಿಸಿದರು?

ಅದನ್ನು ಹೇಳಬಲ್ಲದ್ದು ಕಿಟ್ಟ. ಮಣ್ಣಿನ ಕುಲುಮೆಗೆ ಅದಿರು, ಇದ್ದಿಲು ತುಂಬಿ ತಿದಿ ಒತ್ತುತ್ತಿದ್ದರು. ಕಬ್ಬಿಣ ಕರಗಲು 1,538 ಡಿಗ್ರಿ ಬೇಕು. ಅಷ್ಟು ಕಾವು ಬರುತ್ತಿರಲಿಲ್ಲ. ಕಲ್ಮಶ ಮಾತ್ರ ಕರಗಿ ಹರಿದು ಕಪ್ಪು ಕಲ್ಲಾಗುತ್ತಿತ್ತು. ಕಬ್ಬಿಣದ ಮುದ್ದೆಯನ್ನು ಬಡಿದು ಹದ ಮಾಡುತ್ತಿದ್ದರು. 1800ರಲ್ಲೂ ಮಾಗಡಿ ಕಡೆ ಈ ಕಸುಬು ನಡೆದಿತ್ತು, ಬುಕಾನನ್ ಸಾಹೇಬ ಕಂಡು ಬರೆದಿಟ್ಟಿದ್ದಾನೆ.

ಕಬ್ಬಿಣ ತುಕ್ಕು ತಿಂದು ಹೋಗುತ್ತದೆ, ಕಿಟ್ಟ ಉಳಿಯುತ್ತದೆ. ಅದರಲ್ಲಿ ಸಿಕ್ಕಿಕೊಂಡ ಇದ್ದಿಲ ಚೂರಿನಿಂದ ಕಾಲ ತಿಳಿಯಬಹುದು. ಆದರೆ ಅದು ಇದ್ದ ಜಾಗದಲ್ಲೇ, ಕುಲುಮೆಯ ಸುಟ್ಟ ಮಣ್ಣಿನ ಜೊತೆಗೇ ಇರಬೇಕು.

ಹುಡುಗರಾಗಿದ್ದಾಗ ನಾವು ಕಪ್ಪು ಕಲ್ಲು ಸಿಕ್ಕರೆ ಮಾವಿನಕಾಯಿಗೆ ಬೀರುತ್ತಿದ್ದೆವು. ಎಲ್ಲಿ ಬಿದ್ದರೂ ನಮ್ಮ ಹೊಲದಲ್ಲೇ ಬೀಳುತ್ತಿತ್ತು ಬಿಡಿ. ಈಗ ಜೆಸಿಬಿ ಬಂದರೆ ಒಂದೇ ಬೆಳಗ್ಗೆಗೆ ದಿಬ್ಬವೇ ಲಾರಿ ಹತ್ತುತ್ತದೆ. ಸೈಟು ಮಾಡುವವರನ್ನು ದೂರಿ ಫಲವಿಲ್ಲ, ಹೊಲ ಮಾರಿದವರು ನಾವೇ.

ಭಾರವಾದ, ಗುಳ್ಳೆ ಗುಳ್ಳೆಯಾದ ಕಪ್ಪು ಕಲ್ಲಿನ ಗುಡ್ಡೆ ಕಂಡರೆ ಕೀಳಬೇಡಿ. ಸಂಘದ ಕಚೇರಿಗೆ ಬಂದು ಸರ್ವೆ ನಂಬರ್ ಹೇಳಿ. ಪುರಾತತ್ವ ಇಲಾಖೆಗೆ ನಾವೇ ಕಾಗದ ಬರೆಯುತ್ತೇವೆ.