ಬಸ್ಸಿಗೆ ಯಜಮಾನರು ಯಾರು?

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತು ಆಡಿ ಎಂದು ಆಡಳಿತ ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ, ದೊಡ್ಡ ಮಾತು ನಮಗೆ ಬರುವುದಿಲ್ಲ. ಹಾಗಾಗಿ ದಿನಾ ಕಣ್ಣೆದುರು ಓಡಾಡುವ ಸರ್ಕಾರಿ ಬಸ್ಸಿನ ವಿಷಯವನ್ನೇ ಎತ್ತಿಕೊಂಡಿದ್ದೇವೆ. ಬೆಳಗ್ಗೆ ಹೈಸ್ಕೂಲು, ಕಾಲೇಜಿನ ಹೊತ್ತಿಗೆ ನಮ್ಮೂರಿಗೆ ಇನ್ನೊಂದು ಬಸ್ಸು ಬೇಕು ಅನ್ನೋದು ಪ್ರತಿ ಸರ್ವ ಸದಸ್ಯರ ಸಭೆಯಲ್ಲೂ ಬರುವ ಮಾತು. ಕೇಳೋದು ಸರಿಯೇ. ಆದರೆ ಆ ಬಸ್ಸನ್ನು ನಡೆಸುವವರು ಯಾರು, ಅದು ಯಾರ ದುಡ್ಡಿನಲ್ಲಿ ಓಡುತ್ತದೆ ಅನ್ನೋದು ಗೊತ್ತಿದ್ದರೆ ನಮ್ಮ ಮಾತಿಗೆ ತೂಕ ಬರುತ್ತದೆ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳಿಂದ ಶುರುವಾಯಿತು. ಆಗ ಅದು ಬೇರೆ ಇಲಾಖೆಗಳ ಹಾಗೆ ಒಂದು ಇಲಾಖೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಂತೆ 1961ರ ಆಗಸ್ಟ್ 1ರಿಂದ ಅದು ನಿಗಮವಾಯಿತು. ಮುಂದೆ 1997ರಲ್ಲಿ ಬೆಂಗಳೂರು ಮತ್ತು ಹುಬ್ಬಳ್ಳಿಯ ನಿಗಮಗಳು, 2000ದಲ್ಲಿ ಕಲಬುರಗಿಯ ನಿಗಮ ಬೇರೆಯಾದವು. ಈಗ ಒಟ್ಟು ನಾಲ್ಕು ಮನೆ, ಆದರೆ ಕಾಯ್ದೆ ಒಂದೇ.

ನಿಗಮ ಅಂದರೆ ಏನು? ನಮ್ಮ ಸಂಘದ ಜೊತೆ ಇಟ್ಟು ನೋಡಿ. ನಮ್ಮಲ್ಲಿ ಸದಸ್ಯರ ಷೇರು ಹಣ ಬಂಡವಾಳ, ಅಲ್ಲಿ ಸರ್ಕಾರ ಹಾಕಿದ್ದು ಬಂಡವಾಳ. ನಮ್ಮಲ್ಲೂ ಆಡಳಿತ ಮಂಡಳಿ ಇದೆ, ಅಲ್ಲೂ ಇದೆ. ನಮ್ಮ ಲೆಕ್ಕಕ್ಕೂ ಆಡಿಟ್ ಇದೆ, ಅವರ ಲೆಕ್ಕಕ್ಕೂ ಇದೆ. ವ್ಯತ್ಯಾಸ ಒಂದೇ ಕಡೆ. ನಮ್ಮನ್ನು ನಿರ್ದೇಶಕರು ಮಾಡಿದ್ದು ನಿಮ್ಮ ಓಟು. ವರ್ಷಕ್ಕೊಮ್ಮೆ ಎದ್ದು ನಿಂತು ಲೆಕ್ಕ ಕೇಳುತ್ತೀರಿ, ನಾವು ಹೇಳಲೇಬೇಕು. ನಿಗಮದ ಅಧ್ಯಕ್ಷರನ್ನೂ ನಿರ್ದೇಶಕರನ್ನೂ ನೇಮಕ ಮಾಡುವುದು ರಾಜ್ಯ ಸರ್ಕಾರ. ಬಸ್ಸು ಹತ್ತುವವರಿಗೆ ಅಲ್ಲಿ ಷೇರೂ ಇಲ್ಲ, ಸರ್ವ ಸದಸ್ಯರ ಸಭೆಯೂ ಇಲ್ಲ. ಸಲಹಾ ಮಂಡಳಿ ಮಾಡಲು ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಸಲಹೆಯೇ ಬೇರೆ, ಓಟೇ ಬೇರೆ.

ಇದೇ ಕಾಯ್ದೆಯ 22ನೇ ಕಲಮು ನಿಗಮವು ವ್ಯಾಪಾರದ ನಿಯಮದಂತೆ ನಡೆಯಬೇಕು ಅನ್ನುತ್ತದೆ. 34ನೇ ಕಲಮು ಸರ್ಕಾರ ನಿಗಮಕ್ಕೆ ನಿರ್ದೇಶನ ಕೊಡಬಹುದು ಅನ್ನುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋ ಹಾಗೆ! ಡೀಸೆಲ್ ದರ ಏರಿದ ದಿನವೇ ನಿಗಮ ಟಿಕೆಟ್ ದರ ಏರಿಸಲು ಆಗುವುದಿಲ್ಲ, ಸರ್ಕಾರದ ಒಪ್ಪಿಗೆ ಬೇಕು. 2020ರ ಫೆಬ್ರವರಿಯಲ್ಲಿ ದರ ಏರಿಸಿದ ನಿಗಮಗಳು ಮತ್ತೆ ಏರಿಸಿದ್ದು 2025ರ ಜನವರಿ 5ರಂದು, ಶೇಕಡಾ 15ರಷ್ಟು. ನಡುವಿನ ಐದು ವರ್ಷ ಸಂಬಳ, ಡೀಸೆಲ್, ಟಯರು ಯಾವುದೂ ನಿಂತಲ್ಲಿ ನಿಂತಿರಲಿಲ್ಲ.

ಹಾಗಾದರೆ ದುಡ್ಡು ಎಲ್ಲಿಂದ? ಒಂದು, ಟಿಕೆಟ್ ಹಣ. ಎರಡು, ರಿಯಾಯಿತಿಗೆ ಬದಲಾಗಿ ಸರ್ಕಾರ ತುಂಬಿಕೊಡುವ ಹಣ. ಮೂರು, ಸಾಲ. ಈ ಎರಡನೆಯದು ನಮ್ಮ ಸದಸ್ಯರಿಗೆ ಬೇಗ ಅರ್ಥವಾಗುತ್ತದೆ. ಸಂಘದಲ್ಲಿ ಸೊನ್ನೆ ಬಡ್ಡಿಗೆ ಬೆಳೆ ಸಾಲ ಕೊಡುತ್ತೇವಲ್ಲ, ಆ ಬಡ್ಡಿ ಮಾಯವಾಗುವುದಿಲ್ಲ, ನಿಮ್ಮ ಬದಲು ಸರ್ಕಾರ ಕಟ್ಟುತ್ತದೆ. ಬಸ್ಸಿನದ್ದೂ ಅದೇ ಲೆಕ್ಕ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು. ಕಂಡಕ್ಟರು ಕೊಡುವ ಸೊನ್ನೆ ಟಿಕೆಟ್ಟಿನ ಲೆಕ್ಕದ ಮೇಲೆ ನಿಗಮ ಸರ್ಕಾರದಿಂದ ಹಣ ಕೇಳುತ್ತದೆ. 2025-26ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಇಟ್ಟರು. ವಿದ್ಯಾರ್ಥಿ ಪಾಸಿನ ರಿಯಾಯಿತಿಯಲ್ಲಿ ಒಂದು ಭಾಗ ಸರ್ಕಾರ ಕೊಡುತ್ತದೆ, ಇನ್ನೊಂದು ಭಾಗ ನಿಗಮವೇ ಹೊರುತ್ತದೆ. ಹೊರುವುದು ಜಾಸ್ತಿಯಾಗಿ, ಬರಬೇಕಾದ್ದು ತಡವಾದರೆ ಯಾವ ಸಂಸ್ಥೆಯಾದರೂ ಸಾಲಕ್ಕೆ ಕೈ ಚಾಚಬೇಕಾಗುತ್ತದೆ. ಆಮೇಲೆ ಕತ್ತರಿ ಬೀಳುವುದು ಜನ ಕಡಿಮೆ ಇರುವ ಹಳ್ಳಿ ರೂಟಿಗೆ.

ಹಾಗಾದರೆ ಜನರೇ ಯಜಮಾನರಾಗಿ ಬಸ್ಸು ನಡೆಸಬಾರದೇ ಅಂತ ಕೇಳಬಹುದು. ಅದನ್ನೂ ನಮ್ಮ ಕರ್ನಾಟಕ ಮಾಡಿ ನೋಡಿದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಒಂದು ಖಾಸಗಿ ಬಸ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ 'ಸಹಕಾರ ಸಾರಿಗೆ' ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲರೂ ಸದಸ್ಯರು, ಎಲ್ಲರೂ ಮಾಲೀಕರು. ಆರು ಬಸ್ಸಿನಿಂದ ಶುರುವಾಗಿ ಎಪ್ಪತ್ತರ ಮೇಲೆ ಬೆಳೆಯಿತು. ಮಲೆನಾಡಿನ ಮೂಲೆ ಮೂಲೆಗೂ ಹೋಯಿತು, ಮಕ್ಕಳಿಗೆ ರಿಯಾಯಿತಿ ಕೊಟ್ಟಿತು. ಆದರೆ ಡೀಸೆಲ್, ತೆರಿಗೆ, ವಿಮೆ ಏರುತ್ತಾ ಹೋದ ಹಾಗೆ ಭಾರ ತಡೆಯದೆ 2020ರಲ್ಲಿ ಸಂಚಾರ ನಿಂತೇ ಹೋಯಿತು. ಸಹಕಾರಿಗಳಾದ ನಮಗೆ ಇದು ನಮ್ಮ ಮನೆಯದ್ದೇ ಸಂಕಟ.

ಇದರಿಂದ ನಮಗೆ ತಿಳಿಯುವುದಿಷ್ಟು: ಸಹಕಾರ ಸಾರಿಗೆಗೆ ಸದಸ್ಯರ ದನಿ ಇತ್ತು, ಬೆನ್ನಿಗೆ ಖಜಾನೆ ಇರಲಿಲ್ಲ. ನಿಗಮದ ಬೆನ್ನಿಗೆ ಖಜಾನೆ ಇದೆ, ಜನರ ದನಿಗೆ ಅಲ್ಲಿ ಜಾಗ ಇಲ್ಲ. ಎರಡೂ ಸೇರಿದರೆ ಮಾತ್ರ ಹಳ್ಳಿಗೆ ಬಸ್ಸು ನಿಲ್ಲುತ್ತದೆ. ಖಜಾನೆ ಸರ್ಕಾರದ ಕೈಲಿದೆ. ದನಿಯನ್ನು ನಾವೇ ಕಟ್ಟಬೇಕು.

ಅದಕ್ಕೆ ಮೂರು ಕೆಲಸ. ಮೊದಲನೆಯದು, ತಾಯಂದಿರೇ, ಸೊನ್ನೆ ಟಿಕೆಟ್ ತಾನೇ ಅಂತ ಬಿಡಬೇಡಿ, ಕೇಳಿ ಪಡೆಯಿರಿ. ಟಿಕೆಟ್ ಇಲ್ಲದಿದ್ದರೆ ಕಾಗದದಲ್ಲಿ ನಮ್ಮೂರ ಬಸ್ಸು ಖಾಲಿ ಬಸ್ಸು. ಎರಡನೆಯದು, ಬೆಳಗ್ಗೆ ಪೇಟೆಗೆ ಹೋಗುವ ಮಕ್ಕಳೆಷ್ಟು, ಪಾಸಿನವರೆಷ್ಟು, ಆಸ್ಪತ್ರೆಗೆ, ಸಂತೆಗೆ, ಕೂಲಿಗೆ ಹೋಗುವವರೆಷ್ಟು ಅಂತ ಒಂದು ತಿಂಗಳು ಪುಸ್ತಕದಲ್ಲಿ ಬರೆದಿಡೋಣ. ಹಾಲಿನ ಲೆಕ್ಕ ಬರೆಯುವ ಕೈಗೆ ಇದೇನು ಕಷ್ಟವಲ್ಲ. ಮೂರನೆಯದು, ಆ ಲೆಕ್ಕದ ಜೊತೆ ಸಂಘದ ಮತ್ತು ಗ್ರಾಮ ಪಂಚಾಯ್ತಿಯ ಠರಾವು ಸೇರಿಸಿ ಡಿಪೋ ಮ್ಯಾನೇಜರಿಗೂ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೂ ಕೊಟ್ಟು, ಒಂದು ಪ್ರತಿಯನ್ನು ಶಾಸಕರ ಕೈಗೆ ಕೊಡೋಣ. ನಿಗಮಕ್ಕೆ ಹಣ ಕೊಡಬೇಕೋ ಬೇಡವೋ ಅಂತ ತೀರ್ಮಾನವಾಗುವುದು ವಿಧಾನಸಭೆಯಲ್ಲಿ. ನಿಗಮದಲ್ಲಿ ನಮಗೆ ಓಟಿಲ್ಲದಿದ್ದರೂ ಅಲ್ಲಿಗೆ ಕಳಿಸುವವರು ನಾವೇ.

ಬಸ್ಸಿಗೆ ಕಲ್ಲು ಹೊಡೆಯುವುದರಿಂದ, ರಸ್ತೆಗೆ ಅಡ್ಡ ಕೂರುವುದರಿಂದ ಒಂದು ದಿನದ ಸುದ್ದಿಯಾಗುತ್ತದೆ, ಅಷ್ಟೇ. ಇಪ್ಪತ್ತೈದು ವರ್ಷ ಒಂದೊಂದು ರೂಪಾಯಿಗೂ ಲೆಕ್ಕ ಇಟ್ಟು ಸಂಘ ಉಳಿಸಿಕೊಂಡವರು ನಾವು. ಬಸ್ಸಿಗೂ ಅದೇ ಲೆಕ್ಕ, ಅದೇ ಒಗ್ಗಟ್ಟು ಸಾಕು. ಪುಸ್ತಕ ಮುಂದಿನ ಸೋಮವಾರದಿಂದ ಸಂಘದ ಕಚೇರಿಯಲ್ಲೇ ಇರುತ್ತದೆ. ದಯಮಾಡಿ ಬಂದು ಬರೆಸಿ.

 ಜೈ ಸಹಕಾರ.