ನೆತ್ತರಿನ ಪಾಠಾಂತರ

ಹಳೆಯ ತಾಳೆಗರಿಗಳನ್ನು ಓದಿದವರಿಗೆ ಲಿಪಿಕಾರನ ಕೈಯಲ್ಲಿ ಒಂದಕ್ಷರ ಬದಲಾದರೆ ಅರ್ಥವೇ ಬೇರೆಯಾಗುವುದು ಹೊಸ ಮಾತಲ್ಲ. ನಮ್ಮ ದೇಹದಲ್ಲಿಯೂ ತಲೆಮಾರಿನಿಂದ ತಲೆಮಾರಿಗೆ ಪ್ರತಿಯಾಗುತ್ತ ಬಂದ ಬರಹವೊಂದಿದೆ. ಅದರ ಒಂದಕ್ಷರದ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

ನೆತ್ತರಿಗೆ ಕೆಂಪುಬಣ್ಣ ಕೊಡುವುದು ಹೀಮೋಗ್ಲೋಬಿನ್ ಎಂಬ ಪ್ರೋಟೀನು. ಆಮ್ಲಜನಕವನ್ನು ಹೊತ್ತು ಮೈಯೆಲ್ಲಕ್ಕೂ ಮುಟ್ಟಿಸುವುದು ಅದರ ಕಾಯಕ. ಅದರಲ್ಲಿ ಎರಡು ಆಲ್ಫಾ, ಎರಡು ಬೀಟಾ, ಹೀಗೆ ನಾಲ್ಕು ಸರಗಳಿವೆ. ಬೀಟಾ ಸರವನ್ನು ಕಟ್ಟುವ ಕ್ರಮವನ್ನು ಹೇಳುವುದು 11ನೆಯ ವರ್ಣತಂತುವಿನಲ್ಲಿರುವ ಒಂದು ಜೀನು. ಆ ಕ್ರಮದಂತೆ 146 ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಲ್ಪಡುತ್ತವೆ. ಆರನೆಯ ಮಣಿ ಗ್ಲುಟಾಮಿಕ್ ಆಮ್ಲ. ಜೀನಿನ ಒಂದಕ್ಷರ ಬದಲಾಗಿ ಅಲ್ಲಿ ವ್ಯಾಲೀನ್ ಬಂದರೆ, ಆಮ್ಲಜನಕವನ್ನು ಇಳಿಸಿದ ಹೀಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ. ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ; ಕಿರಿಯ ನಾಳಗಳಲ್ಲಿ ಸಿಕ್ಕಿಕೊಂಡು ಎಲುಬು ಕೀಲುಗಳಲ್ಲಿ ತಾಳಲಾರದ ನೋವನ್ನು ತರುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣ 10-20 ದಿನಗಳಲ್ಲೇ ಅಳಿಯುತ್ತದೆ.

ಈ ಕುಡುಗೋಲು ಕಣಗಳನ್ನು 1910ರಲ್ಲಿ ಮೊದಲು ವರ್ಣಿಸಿದವನು ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್. ರೋಗದ ಬೇರು ಹೀಮೋಗ್ಲೋಬಿನ್ ಅಣುವಿನಲ್ಲಿಯೇ ಇದೆಯೆಂದು ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದರು. ಕೇಂಬ್ರಿಜ್‌ನಲ್ಲಿ ವೆರ್ನನ್ ಇಂಗ್ರಾಂ 1957ರ ಹೊತ್ತಿಗೆ ಆ ಒಂದು ಅಮೈನೋ ಆಮ್ಲದ ವ್ಯತ್ಯಾಸವನ್ನು ಗುರುತಿಸಿದ.

ಇಷ್ಟು ಕೇಡು ಮಾಡುವ ಅಕ್ಷರ ಲೋಕದಿಂದ ಅಳಿದುಹೋಗಲಿಲ್ಲವೇಕೆ? ಪೂರ್ವ ಆಫ್ರಿಕದಲ್ಲಿ ಶೋಧಿಸಿದ ಆಂಥೊನಿ ಆಲಿಸನ್ 1954ರಲ್ಲಿ ಉತ್ತರವನ್ನು ಕೊಟ್ಟ. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಜೀನನ್ನು ಪಡೆದವರು ರೋಗಿಗಳಾಗುವುದಿಲ್ಲ. ಮೇಲಾಗಿ ಉಗ್ರ ಮಲೇರಿಯಾದಿಂದ ಅವರಿಗೆ ರಕ್ಷಣೆ ದೊರೆಯುತ್ತದೆ. ಮಲೇರಿಯಾ ಮಕ್ಕಳನ್ನು ನುಂಗುತ್ತಿದ್ದ ಸೀಮೆಗಳಲ್ಲಿ ಈ ಅಕ್ಷರವೇ ಅನೇಕರನ್ನು ಉಳಿಸಿತು. ಇಬ್ಬರಿಂದಲೂ ಅದು ಬಂದ ಮಗುವೇ ಆ ಉಳಿವಿನ ಬೆಲೆಯನ್ನು ತೆರಬೇಕಾಯಿತು.

ಈ ಕಥೆ ನಮ್ಮ ನೆರೆಗೂ ಬರುತ್ತದೆ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು ನೀಲಗಿರಿಯ ಗಿರಿಜನರಲ್ಲಿ ಇದೇ ಜೀನನ್ನು ಕಂಡರು. ಕರ್ನಾಟಕದ ಕಾಡಂಚಿನ ಬುಡಕಟ್ಟುಗಳಲ್ಲಿಯೂ ಅದು ಇದೆ. ಭಾರತ ಸರ್ಕಾರ 2023ರಲ್ಲಿ ಇದರ ನಿವಾರಣೆಗೆಂದು ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿ, ಏಳು ಕೋಟಿ ಜನರ ರಕ್ತಪರೀಕ್ಷೆಯ ಗುರಿಯಿಟ್ಟಿತು. ಜೀನನ್ನೇ ತಿದ್ದುವ ಚಿಕಿತ್ಸೆಗೆ ಅದೇ ವರ್ಷ ಬ್ರಿಟನ್ ಒಪ್ಪಿಗೆಯಿತ್ತಿತು. ಅದರ ಬೆಲೆಯಾದರೋ ಬಡವನಿಗೆ ಎಟುಕುವಂಥದಲ್ಲ.

ಪರೀಕ್ಷೆ ಅಗತ್ಯವೇ. ದಂಪತಿಗಳಿಬ್ಬರೂ ಈ ಜೀನನ್ನು ಹೊತ್ತವರಾದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಒಬ್ಬರೇ ಹೊತ್ತಿದ್ದರೆ ಈ ಭಯವಿಲ್ಲ. ಈ ಲೆಕ್ಕ ತಿಳಿಯದೆ, ಪರೀಕ್ಷೆಯ ಚೀಟಿಯನ್ನು ನೋಡಿದೊಡನೆ ಹುಡುಗಿಯೊಬ್ಬಳನ್ನು ದೋಷವುಳ್ಳವಳೆಂದು ದೂರವಿಟ್ಟರೆ ಅದು ವಿಜ್ಞಾನವಲ್ಲ, ಜಾತಕದ ದೋಷಕ್ಕೆ ಕೊಟ್ಟ ಹೊಸ ಹೆಸರು ಅಷ್ಟೆ. ಅವಳ ನೆತ್ತರಲ್ಲಿರುವುದು ಕಳಂಕವಲ್ಲ, ಪಾಠಾಂತರ. ಒಂದು ಕಾಲಕ್ಕೆ ಅವಳ ಹಿರಿಯರನ್ನು ಬದುಕಿಸಿದ ಪಾಠಾಂತರ.