ಬಣ್ಣದ ಕಾಲಂ

(ಸಂಘದ ಉಚಿತ ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ನಾವು ಭಾಷಣಕಾರರಲ್ಲ. ಹಗಲೆಲ್ಲ ಗಿರಣಿಯಲ್ಲಿ ಹಾಜರಿ ಪಟ್ಟಿ ಬರೆದು, ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವವರು. ಹೋದ ತಿಂಗಳು ಏಳೆಂಟು ಮಂದಿ ಸದಸ್ಯರು ಒಟ್ಟಿಗೆ ಕುಳಿತು 'ಬಾಲಾ' ಎಂಬ ಹಿಂದಿ ಚಿತ್ರ ನೋಡಿದೆವು. ಅದರ ವಿಷಯವಾಗಿ ನಾಲ್ಕು ಮಾತು ಹೇಳಿರೆಂದು ಕಾರ್ಯದರ್ಶಿಗಳ ಅಪ್ಪಣೆಯಾಯಿತು. ಒಪ್ಪಿಕೊಂಡದ್ದರಲ್ಲಿ ನಮ್ಮದೊಂದು ಸ್ವಾರ್ಥವೂ ಉಂಟು. ಅದನ್ನು ಕಡೆಗೆ ಅರಿಕೆ ಮಾಡಿಕೊಳ್ಳುತ್ತೇವೆ.

ಚಿತ್ರ 2019ರದು, ನಿರ್ದೇಶಕರು ಅಮರ್ ಕೌಶಿಕ್. ಕಾನ್ಪುರದ ಬಾಲಮುಕುಂದ ಶುಕ್ಲನಿಗೆ ಶಾಲೆಯ ದಿನಗಳಲ್ಲಿ ತಲೆತುಂಬ ಕೂದಲು, ಅದಕ್ಕೆ ತಕ್ಕ ಜಂಬ. ಬೋಳುತಲೆಯ ಮೇಷ್ಟರ ಚಿತ್ರವನ್ನು ಹಲಗೆಯ ಮೇಲೆ ಬರೆದು ನಗಿಸುವವನು, ಜೊತೆಗೆ ಓದುವ ಲತಿಕಾಳನ್ನು ಕರಿಯಳೆಂದು ಹಂಗಿಸುವವನು. ದೊಡ್ಡವನಾಗುತ್ತಲೇ ಅವನ ತಲೆಯೂ ಬೋಳಾಯಿತು. ಹೊಟ್ಟೆಪಾಡಿಗೆ ಅವನು ಮಾರುವುದು ಏನನ್ನು? ಮುಖ ಬೆಳ್ಳಗಾಗಿಸುವ ಕ್ರೀಮನ್ನು! ತನ್ನ ತಲೆಗಾಗಿ ರಾತ್ರಿ ಅಳುವವನು ಹಗಲು ಹೋಗಿ ಊರ ಹೆಣ್ಣುಮಕ್ಕಳಿಗೆ 'ನಿಮ್ಮ ಮುಖ ಸಾಲದು' ಎನ್ನುತ್ತಾನೆ. ಮುಂದೆ ಟೋಪನ್ ಧರಿಸಿ, ಟಿಕ್‌ಟಾಕ್‌ನಲ್ಲಿ ಹೆಸರಾದ ಚೆಲುವೆಯನ್ನು ಮದುವೆಯಾಗುವುದು, ಗುಟ್ಟು ರಟ್ಟಾಗುವುದು, ಕೋರ್ಟು ಕಚೇರಿ, ಇವೆಲ್ಲ ನಗುತ್ತಲೇ ಸಾಗುತ್ತವೆ. ಲತಿಕಾ ಅಷ್ಟರಲ್ಲಿ ವಕೀಲೆ. ಕಡೆಗೆ ಅವನಿಗೆ ಬುದ್ಧಿ ಬಂದು ಅವಳ ಕಡೆ ತಿರುಗಿದರೂ ಅವಳು ಅವನನ್ನು ವರಿಸುವುದಿಲ್ಲ. ಅದು ನಮಗೆ ಬಹಳ ಮೆಚ್ಚಿಗೆಯಾಯಿತು. ಬುದ್ಧಿ ಬಂದವನಿಗೆಲ್ಲ ಬಹುಮಾನವಾಗಿ ಹೆಣ್ಣು ಕೊಡಬೇಕೆಂಬ ಕಟ್ಟಳೆ ಎಲ್ಲಿದೆ?

ಬೋಳುತಲೆಯ ಕಥೆಯನ್ನು ನಮ್ಮವರು ಎರಡು ವರ್ಷ ಮೊದಲೇ ಹೇಳಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. 2017ರ 'ಒಂದು ಮೊಟ್ಟೆಯ ಕಥೆ'ಯಲ್ಲಿ ರಾಜ್ ಬಿ. ಶೆಟ್ಟರು ಮಂಗಳೂರಿನ ಕನ್ನಡ ಅಧ್ಯಾಪಕ ಜನಾರ್ದನನ ಪಾತ್ರವನ್ನು ತಾವೇ ವಹಿಸಿ, ತಾವೇ ನಿರ್ದೇಶಿಸಿದರು. ಅದು 'ಉಜಡಾ ಚಮನ್' ಎಂಬ ಹೆಸರಿನಿಂದ ಹಿಂದಿಗೆ ಹೋಗಿ, 'ಬಾಲಾ' ಬಂದ ನವೆಂಬರಿನಲ್ಲಿಯೇ ತೆರೆ ಕಂಡಿತು. ಜನಾರ್ದನನನ್ನು ಹೆಣ್ಣುಗಳು ಒಪ್ಪುವುದಿಲ್ಲ, ಸರಿ. ಆದರೆ ಅವನೂ ಸರಳಾ ಎಂಬ ಹುಡುಗಿ ದಪ್ಪಗಿದ್ದಾಳೆಂದು ಮುಖ ಸಿಂಡರಿಸುತ್ತಾನೆ! ಯಾವ ಮೊಳಕೋಲಿನಿಂದ ಪೆಟ್ಟು ತಿಂದನೋ ಅದನ್ನೇ ಕೈಯಲ್ಲಿ ಹಿಡಿದು ಇನ್ನೊಬ್ಬರನ್ನು ಅಳೆಯಲು ನಿಲ್ಲುತ್ತಾನೆ. ಈ ಮಾತು ನೆನಪಿನಲ್ಲಿರಲಿ.

'ಬಾಲಾ'ದ ಒಂದು ವಿಷಯ ಮಾತ್ರ ನಮಗೆ ಸರಿಬೀಳಲಿಲ್ಲ. ಭೂಮಿ ಪೆಡ್ನೇಕರ್ ಒಳ್ಳೆಯ ನಟಿ, ಸಂದೇಹವಿಲ್ಲ. ಆದರೆ ಕಪ್ಪು ಹುಡುಗಿಯ ಪಾತ್ರಕ್ಕೆ ಕಪ್ಪು ಹುಡುಗಿಯೊಬ್ಬಳು ಈ ದೇಶದಲ್ಲಿ ಸಿಗಲಿಲ್ಲವೇ? ಬೆಳ್ಳಗಿನವರ ಮುಖಕ್ಕೆ ಬಣ್ಣ ಬಳಿದು ನಿಲ್ಲಿಸಿದರು. ಆಗಲೇ ಇದಕ್ಕೆ ಆಕ್ಷೇಪಗಳು ಎದ್ದಿದ್ದವು. ನಮ್ಮ ಜೊತೆಯಲ್ಲಿದ್ದ ಹಿರಿಯರೊಬ್ಬರು, "ವೇಷ ಅಂದಮ್ಯಾಲೆ ಬಣ್ಣ ಇರೂದೇ, ಬಯಲಾಟದಾಗ ಹಚ್ಚಂಗಿಲ್ಲೇನು?" ಎಂದರು. ಬಯಲಾಟದಲ್ಲಿ ಎಲ್ಲರಿಗೂ ಬಣ್ಣ ಹಚ್ಚುತ್ತಾರೆ ಸ್ವಾಮಿ, ಕಪ್ಪಿನವಳೊಬ್ಬಳಿಗೇ ಅಲ್ಲ.

ಇನ್ನು ನಮ್ಮ ಸಂಗತಿ. ಚಿತ್ರದಲ್ಲಿ ಲತಿಕಾಳ ಮೌಸಿ ಅವಳ ಫೋಟೋಗಳನ್ನು ಬೆಳ್ಳಗೆ ಮಾಡಿ ಜನಕ್ಕೆ ತೋರಿಸುತ್ತಾಳೆ. ಎಲ್ಲರೂ ನಕ್ಕರು. ನಮಗೆ ನಗು ಬರಲಿಲ್ಲ. ಮೂರು ವರ್ಷದ ಹಿಂದೆ ತಂಗಿಯ ಸಂಬಂಧಕ್ಕೆ ಫೋಟೋ ಕಳಿಸುವಾಗ ನಮ್ಮವ್ವ, "ತಮ್ಮಾ, ಒಂಚೂರು ಬೆಳ್ಳಗ ಮಾಡಸು" ಎಂದಳು. ಸ್ಟುಡಿಯೋದವನ ಪಕ್ಕದಲ್ಲಿ ನಿಂತು, "ಇನ್ನಷ್ಟು, ಇನ್ನಷ್ಟು" ಎಂದು ಮಾಡಿಸಿದವರು ನಾವೇ. ಗಂಡಿನ ಕಡೆಯವರು ಕಲಬುರ್ಗಿಯಿಂದ ಬಂದರು. ಹಿರಿಯರೊಬ್ಬರು ಫೋಟೋ ನೋಡಿ, ಹುಡುಗಿಯನ್ನು ನೋಡಿ, "ಇದರಾಗಿನ ಹುಡುಗಿ ಎಲ್ಲದಾಳ್ರಿ?" ಎಂದು ಕೇಳಿದರು. ಅವಲಕ್ಕಿಯ ತಟ್ಟೆ ಹಿಡಿದು ನಿಂತಿದ್ದ ತಂಗಿ, "ನಾನೇ ಅದೀನ್ರಿ. ಫೋಟೋ ನಮ್ಮಣ್ಣಂದು" ಎಂದಳು. ಆ ದಿನದಿಂದ ಅವಳು ಯಾರಿಗೂ ಫೋಟೋ ಕೊಟ್ಟಿಲ್ಲ. ನಮ್ಮೊಡನೆ ಮಾತು ಬಿಟ್ಟಿಲ್ಲ. ಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮನೆಯಲ್ಲಿ ಇಷ್ಟಾದ ಮೇಲೂ ಇಲ್ಲಿ ಕುಳಿತು ಮಾಡುತ್ತಿರುವುದೇನು? ವಾಚನಾಲಯದ ವಧೂವರರ ವಹಿಯನ್ನು ಬರೆಯುವವರು ನಾವು. ಹೆಸರು, ಊರು, ಓದು, ಉದ್ಯೋಗ, ಆಮೇಲೆ 'ಬಣ್ಣ'. ಮೊನ್ನೆ ಪುಟಗಳನ್ನೆಲ್ಲ ತಿರುವಿ ನೋಡಿದೆವು. 'ಕಪ್ಪು' ಎಂಬ ಮಾತು ಒಂದು ಕಡೆಯೂ ಇಲ್ಲ. ಗೋಧಿ ಬಣ್ಣ, ಎಣ್ಣೆಗೆಂಪು, ತೆಲುಗು ನೆರೆಯವರಿಂದ ಕಲಿತ ಚಾಮನಛಾಯ! ವಾಡಿ ಕಡೆಯ ಗಾಡಿ ಬಂದಾಗ ನಾಂಪಲ್ಲಿ ಸ್ಟೇಷನ್ನಿನಲ್ಲಿ ನಿಂತರೆ ಬಿಸಿಲು ನಾಡಿನ ನಮ್ಮ ಜನ ಎಂಥ ಬಣ್ಣದವರೆಂದು ಕಾಣುತ್ತದೆ. ವಹಿಯಲ್ಲಿ ಮಾತ್ರ ಅವರು ಯಾರೂ ಇಲ್ಲ. ನಮ್ಮ ಹಾಗೆ ಬಿಸಿಲಲ್ಲಿ ಬೆಂದ ಗಂಡಸರೊಬ್ಬರು, 'ಕನ್ಯೆ ಬೆಳ್ಳಗಿರತಕ್ಕದ್ದು' ಎಂದು ಬರೆಸಿದ್ದಾರೆ. ಬರೆದ ಕೈ ನಮ್ಮದು.

ಹೊರಗಿನ ಲೋಕ ಇಷ್ಟು ಮಟ್ಟಿಗಾದರೂ ನಾಚಿಕೊಂಡಿದೆ. 1975ರಿಂದ ಮಾರುತ್ತಿದ್ದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಹೆಸರು ಬದಲಾದರೆ ಸಾಕೇ ಎಂದರೆ, ಸಾಲದು. ಅದೇ ವರ್ಷ 'ಶಾದಿ ಡಾಟ್ ಕಾಮ್' ಎಂಬ ಮದುವೆ ಸಂಬಂಧದ ಸಂಸ್ಥೆ, ಜನರ ಆಕ್ಷೇಪಕ್ಕೆ ಮಣಿದು, ಮೈಬಣ್ಣ ನೋಡಿ ಆರಿಸುವ ಏರ್ಪಾಟನ್ನು ತೆಗೆದುಹಾಕಿತು. ಲಾಭಕ್ಕೆ ನಡೆಯುವವರು ತೆಗೆದದ್ದನ್ನು, ಒಂದು ಕಾಸೂ ಪಡೆಯದ ನಾವು ಇಟ್ಟುಕೊಂಡಿದ್ದೇವೆ.

ಸ್ವಾರ್ಥವೆಂದು ಮೊದಲು ಹೇಳಿದ್ದು ಇದನ್ನೇ. ಹಳೆಯ ವಹಿ ತುಂಬಿದೆ. ಹೊಸದು ತಂದಾಗಿದೆ, ಇಗೋ ಮೇಜಿನ ಮೇಲಿದೆ. ಪುಟಗಳಿಗೆ ಇನ್ನೂ ಗೆರೆ ಹಾಕಿಲ್ಲ. ಬಣ್ಣದ ಕಾಲಮಿಗೆ ಗೆರೆ ಎಳೆಯಲು ನಮ್ಮ ಕೈ ಏಳುತ್ತಿಲ್ಲ. ಬೇಕೇಬೇಕೆನ್ನುವ ಸದಸ್ಯರಿದ್ದರೆ ಈಗಲೇ ಎದ್ದು ಹೇಳೋಣವಾಗಲಿ. ಅಡಿಕೋಲು, ಪೆನ್ನು ಎರಡನ್ನೂ ಅವರಿಗೆ ಒಪ್ಪಿಸುತ್ತೇವೆ.